ಎರಡನೆಯ ನುಡಿಯ ಪ್ರಶ್ನೆ: ಆಫ್ರಿಕಾದ ಭಾಷಾಚರ್ಚೆ ಮತ್ತು ಮುಂಬಯಿ ಕನ್ನಡ

ನವಿ ಮುಂಬಯಿಯ ನೆರೂಳಿನ ತುಳು ಮನೆಯೊಂದರಲ್ಲಿ ಬೆಳೆಯುವ ಮಗು ದಿನವೂ ನಾಲ್ಕು ನುಡಿಗಳಲ್ಲಿ ಬದುಕುತ್ತದೆ. ಅಜ್ಜಿಯೊಡನೆ ತುಳು, ಸೊಸೈಟಿಯ ಅಂಗಳದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಪಠ್ಯವಿಷಯವಾಗಿ ಮರಾಠಿ. ಒಂದೊಂದಕ್ಕೂ ಒಂದು ಕೆಲಸವಿದೆ, ಒಂದು ಹೊತ್ತಿದೆ. ಕನ್ನಡಕ್ಕೆ ಮಾತ್ರ ಈ ದಿನಚರಿಯಲ್ಲಿ ಜಾಗವಿಲ್ಲ. ಇಂಥ ಮನೆಗಳ ಅಜ್ಜಂದಿರು ಊರಿನ ಶಾಲೆಯಲ್ಲಿ ಕನ್ನಡ ಕಲಿತು, ಮುಂಬಯಿಯ ಹೊಟೇಲುಗಳಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಗಳಲ್ಲಿ ಓದು ಮುಂದುವರಿಸಿದವರು. ಅವರ ಮಕ್ಕಳು ಕನ್ನಡ ಪತ್ರಿಕೆಯನ್ನು ಓದಬಲ್ಲರು. ಮೊಮ್ಮಕ್ಕಳಿಗೆ ಅಕ್ಷರವೇ ತಿಳಿಯದು. ಮೂರು ತಲೆಮಾರುಗಳಲ್ಲಿ ಒಂದು ಸಾಹಿತ್ಯದ ಓದುಗವರ್ಗ ಹೀಗೆ ಕರಗುತ್ತಿದೆ.

ಹೊರಗಿನ ಒತ್ತಡಕ್ಕೆ ಸಿಕ್ಕ ನುಡಿಯೊಂದು ಹೇಗೆ ಬಾಳುತ್ತದೆ, ಅದರ ಸಾಹಿತ್ಯ ಯಾರಿಗಾಗಿ ಹುಟ್ಟುತ್ತದೆ, ನುಡಿ ಹೋದ ಮೇಲೆ ಸಂಸ್ಕೃತಿಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗಳನ್ನು ಕಳೆದ ಅರವತ್ತು ವರ್ಷಗಳಲ್ಲಿ ಅತಿ ತೀವ್ರವಾಗಿ ಕೇಳಿಕೊಂಡವರು ಆಫ್ರಿಕಾದ ಬರಹಗಾರರು. ಸುಮಾರು ಎರಡು ಸಾವಿರ ನುಡಿಗಳ ಆ ಖಂಡದ ಚರ್ಚೆಯಲ್ಲಿ ಮುಂಬಯಿ ಕನ್ನಡಿಗರಿಗೆ ನೇರವಾಗಿ ಅನ್ವಯಿಸುವ ಅನೇಕ ಸಂಗತಿಗಳಿವೆ. ಆ ಚರ್ಚೆಯ ಮುಖ್ಯ ನಿಲುವುಗಳನ್ನು ಪರಿಶೀಲಿಸಿ, ಅವುಗಳ ಬೆಳಕಿನಲ್ಲಿ ನಮ್ಮ ಸ್ಥಿತಿಯನ್ನು ನೋಡುವುದು ಈ ಲೇಖನದ ಉದ್ದೇಶ.

ಮಕೆರೆರೆಯಲ್ಲಿ ಎದ್ದ ಪ್ರಶ್ನೆ

1962ರ ಜೂನ್ ತಿಂಗಳಲ್ಲಿ ಉಗಾಂಡದ ಕಂಪಾಲಾದಲ್ಲಿರುವ ಮಕೆರೆರೆ ಕಾಲೇಜಿನಲ್ಲಿ ಆಫ್ರಿಕಾದ ಬರಹಗಾರರ ಸಮ್ಮೇಳನ ನಡೆಯಿತು. ನೈಜೀರಿಯದ ಚಿನುವಾ ಅಚಿಬೆ, ವೋಲೆ ಸೋಯಿಂಕಾ, ದಕ್ಷಿಣ ಆಫ್ರಿಕಾದ ಎಜಕಿಯಲ್ ಎಂಫಾಲೇಲೆ ಅಲ್ಲಿದ್ದರು. ಅಮೆರಿಕದಿಂದ ಲ್ಯಾಂಗ್‌ಸ್ಟನ್ ಹ್ಯೂಸ್ ಬಂದಿದ್ದರು. ಮುಂದೆ ಗೂಗಿ ವಾ ಥಿಯಾಂಗೊ ಎಂದು ಹೆಸರಾದ ಕೆನ್ಯಾದ ತರುಣ ಇನ್ನೂ ವಿದ್ಯಾರ್ಥಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಮಾತ್ರ ಆಹ್ವಾನವಿತ್ತು. ಹಾಗಾಗಿ ಪೂರ್ವ ಆಫ್ರಿಕಾದಲ್ಲೇ ಇದ್ದ ಸ್ವಾಹಿಲಿಯ ಮಹಾಕವಿ ಶಾಬಾನ್ ರಾಬರ್ಟ್‌ಗೆ, ಯೊರುಬಾ ನುಡಿಯಲ್ಲಿ 1938ರಲ್ಲೇ ಕಾದಂಬರಿ ಬರೆದ ಫಗುನ್ವಾಗೆ ಅಲ್ಲಿ ಎಡೆಯಿರಲಿಲ್ಲ. ಇನ್ನೂ ಒಂದೂ ಪುಸ್ತಕ ತರದಿದ್ದ ತನಗೆ ಆಹ್ವಾನ ಸಿಕ್ಕಿ, ಶಾಬಾನ್ ರಾಬರ್ಟ್‌ಗೆ ಸಿಗದೇ ಹೋದುದನ್ನು ಗೂಗಿ ಮುಂದೆ ತಮ್ಮ ವಾದದ ತಳಹದಿಯಾಗಿಯೇ ಬಳಸಿದರು.

ಮರುವರ್ಷ ನೈಜೀರಿಯದ ವಿಮರ್ಶಕ ಒಬಿ ವಾಲಿ ‘ಟ್ರಾನ್ಸಿಶನ್’ ಪತ್ರಿಕೆಯಲ್ಲಿ ನೇರವಾಗಿ ಬರೆದ: ಯುರೋಪಿನ ನುಡಿಗಳಲ್ಲಿ ಬರೆಯುವ ಆಫ್ರಿಕಾದ ಸಾಹಿತ್ಯಕ್ಕೆ ಮುಂದೆ ದಾರಿಯಿಲ್ಲ. ಆ ಪತ್ರಿಕೆಯನ್ನು 1961ರಲ್ಲಿ ಕಂಪಾಲಾದಲ್ಲಿ ಕಟ್ಟಿದವರು ಅಲ್ಲಿಯೇ ಹುಟ್ಟಿದ ಬಂಗಾಳಿ ಮೂಲದ ರಜತ್ ನಿಯೋಗಿ. ವಾಲಿಯ ಲೇಖನಕ್ಕೆ ಬಿರುಸಿನ ಉತ್ತರಗಳು ಬಂದವು. 1964ರಲ್ಲಿ ಅಚಿಬೆ ತಮ್ಮ ನಿಲುವನ್ನು ಉಪನ್ಯಾಸವೊಂದರಲ್ಲಿ ವಿವರಿಸಿದರು. ಚರಿತ್ರೆ ತಮಗೆ ಇಂಗ್ಲಿಷನ್ನು ಕೊಟ್ಟಿದೆ, ನೂರಾರು ನುಡಿಗಳ ನೈಜೀರಿಯ ಅದರ ಮೂಲಕ ಪರಸ್ಪರ ಮಾತಾಡುತ್ತಿದೆ, ಆದ್ದರಿಂದ ಆಫ್ರಿಕಾದ ಅನುಭವವನ್ನು ಹೊರುವಂತೆ ಆ ನುಡಿಯನ್ನೇ ಬಾಗಿಸಬೇಕು ಎಂಬುದು ಅವರ ಮಾತಿನ ತಿರುಳು. 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯಲ್ಲಿ ಇಗ್ಬೊ ಗಾದೆಗಳ ನಡಿಗೆಯನ್ನು ಇಂಗ್ಲಿಷಿಗೆ ತಂದು ಅವರು ಅದನ್ನು ಸಾಧಿಸಿಯೂ ತೋರಿಸಿದ್ದರು.

ಅಚಿಬೆಯವರ ನಿಲುವನ್ನು ಶರಣಾಗತಿ ಎನ್ನುವಂತಿಲ್ಲ. ಆದರೂ ಅದರಲ್ಲೊಂದು ಮಿತಿ ಇದೆ. ಇಗ್ಬೊ ಲೋಕವನ್ನು ಜಗತ್ತಿಗೆ ಮುಟ್ಟಿಸಿದ ಕಾದಂಬರಿಯನ್ನು ಇಗ್ಬೊ ಮಾತ್ರ ಬಲ್ಲ ಹಳ್ಳಿಗ ಓದಲಾರ. ಗೂಗಿ ಹಿಡಿದದ್ದು ಈ ಎಳೆಯನ್ನೇ. ಅವರ ‘ಡಿಕಾಲನೈಸಿಂಗ್ ದ ಮೈಂಡ್’ 1986ರಲ್ಲಿ ಬಂತು. ಗೂಗಿಯವರ ಚಿಂತನೆಯನ್ನು ರಹಮತ್ ತರೀಕೆರೆ ಕನ್ನಡಕ್ಕೆ ತಂದಿದ್ದಾರೆ. ಮಗು ಮನೆಯಲ್ಲಿ ಬದುಕುವ ನುಡಿ ಒಂದು, ಶಾಲೆಯಲ್ಲಿ ಯೋಚಿಸುವ ನುಡಿ ಇನ್ನೊಂದು ಆದಾಗ, ತನ್ನ ಸುತ್ತಲಿನ ಲೋಕವನ್ನೇ ಅದು ಹೊರಗಿನವರ ಕಣ್ಣಿಂದ ನೋಡತೊಡಗುತ್ತದೆ ಎಂದು ಗೂಗಿ ವಾದಿಸಿದರು.

ಬಾಸೆಲ್ ಮಿಶನ್ನಿನ ಎರಡು ಕರಾವಳಿಗಳು

ಹೊರಗಿನ ಪ್ರಭಾವ ಎಂದಾಗ ನಾವು ಕಳೆದುಕೊಂಡದ್ದನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಚರಿತ್ರೆ ಇನ್ನೂ ತೊಡಕಿನದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1828ರಲ್ಲಿ ಇಂದಿನ ಘಾನಾದ ಕರಾವಳಿಗೆ ಕಾಲಿಟ್ಟಿತು, 1834ರಲ್ಲಿ ಮಂಗಳೂರಿಗೆ ಬಂತು. ಅಲ್ಲಿ ಕ್ರಿಸ್ಟಾಲರ್ ಟ್ವಿ ನುಡಿಗೆ ಬೈಬಲನ್ನು ತಂದು, 1881ರಲ್ಲಿ ಅದರ ದೊಡ್ಡ ನಿಘಂಟನ್ನು ಕೊಟ್ಟ. ಇಲ್ಲಿ ಮ್ಯಾನರ್ 1886ರಲ್ಲಿ ತುಳು ನಿಘಂಟನ್ನೂ, ಕಿಟೆಲ್ 1894ರಲ್ಲಿ ಕನ್ನಡ ನಿಘಂಟನ್ನೂ ಹೊರತಂದರು. ಒಂದೇ ಸಂಸ್ಥೆ ಎರಡು ಖಂಡಗಳಲ್ಲಿ ಒಂದೇ ಬಗೆಯ ಕೆಲಸ ಮಾಡಿತು. ಮತಪ್ರಚಾರ ಗುರಿಯಾಗಿತ್ತು. ನಿಘಂಟು, ವ್ಯಾಕರಣ, ಶಾಲೆ, ಅಚ್ಚುಕೂಟ ಅದಕ್ಕೆ ಸಾಧನಗಳಾದವು. ಗುರಿ ಹಿಂದೆ ಸರಿದ ಮೇಲೂ ಸಾಧನಗಳು ನಾಡಿನವರ ಕೈಯಲ್ಲಿ ಉಳಿದವು.

ಫಲ ಮಾತ್ರ ಎರಡೂ ಕಡೆ ಒಂದೇ ಆಗಲಿಲ್ಲ. ಸಾವಿರ ವರ್ಷಗಳ ಬರಹ ಪರಂಪರೆಯಿದ್ದ ಕನ್ನಡ ಅಚ್ಚನ್ನು ತನ್ನ ಕೆಲಸಕ್ಕೆ ದುಡಿಸಿಕೊಂಡಿತು. ಮಂಗಳೂರಿನಿಂದ 1843ರಲ್ಲೇ ‘ಮಂಗಳೂರ ಸಮಾಚಾರ’ ಹೊರಟಿತು. ಅಚ್ಚಿನಲ್ಲಿ ಕನ್ನಡ ಲಿಪಿಯನ್ನು ತೊಟ್ಟ ತುಳುವಿನ ಬರಹದ ಬದುಕು ಕನ್ನಡದ ಜತೆ ಹೆಣೆದುಕೊಂಡಿತು. ಆಫ್ರಿಕಾದಲ್ಲಿ ಮಿಶನ್ನುಗಳ ಹಿಡಿತ ಹೆಚ್ಚು ಬಿಗಿಯಾಗಿತ್ತು. ಲೆಸೊಥೊದ ತಾಮಸ್ ಮೊಫೊಲೊ ಸೆಸೊಥೊ ನುಡಿಯಲ್ಲಿ ಬರೆದ ‘ಚಾಕಾ’ ಕಾದಂಬರಿಯನ್ನು ಮಿಶನ್ ಅಚ್ಚುಕೂಟ ವರ್ಷಗಟ್ಟಲೆ ತಡೆಹಿಡಿದು 1925ರಲ್ಲಷ್ಟೇ ಹೊರತಂದಿತು. ಇಗ್ಬೊ ಒಳನುಡಿಗಳನ್ನೆಲ್ಲ ಕಲಸಿ ಮಿಶನರಿಗಳು ಬೈಬಲಿಗಾಗಿ ಕಟ್ಟಿದ ಏಕರೂಪದ ಇಗ್ಬೊ ಜೀವಂತ ನುಡಿಯ ಲಯವನ್ನೇ ಕೆಡಿಸಿತು ಎಂದು ಅಚಿಬೆ ಕೊನೆಯವರೆಗೂ ದೂರಿದರು. ಅಚ್ಚುಕೂಟ ಮತ್ತು ಶಾಲೆ ಯಾರ ಕೈಯಲ್ಲಿವೆ ಎಂಬುದರ ಮೇಲೆ ಎರಡೂ ಕಡೆಯ ಫಲ ನಿಂತಿತು.

ಕಣ್ಣಿಗಿಂತ ಮೊದಲು ಕಿವಿ

ಗೂಗಿಯವರ ತಿರುವು ನಡೆದದ್ದು ರಂಗದ ಮೇಲೆ. 1977ರಲ್ಲಿ ಕೆನ್ಯಾದ ಲಿಮುರು ಬಳಿಯ ಕಮಿರಿಥು ಎಂಬಲ್ಲಿ ರೈತರು, ಕೂಲಿಕಾರರು ತಾವೇ ಬಯಲು ರಂಗಮಂದಿರ ಕಟ್ಟಿ, ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರಿ ಸೇರಿ ಗಿಕುಯು ನುಡಿಯಲ್ಲಿ ಬರೆದ ‘ಙಾಹಿಕಾ ದೆಂಡಾ’ ನಾಟಕವನ್ನು ಆಡಿದರು. ಕೆಲವೇ ವಾರಗಳಲ್ಲಿ ಸರಕಾರ ಅದನ್ನು ನಿಲ್ಲಿಸಿತು. ವರ್ಷದ ಕೊನೆಯ ದಿನ ಥಿಯಾಂಗೊ ಬಂಧನಕ್ಕೊಳಗಾದರು. ಇಂಗ್ಲಿಷಿನಲ್ಲಿ ಇದೇ ಸರಕಾರವನ್ನು ಟೀಕಿಸಿದ್ದ ಅವರ ಕಾದಂಬರಿ ಅದೇ ವರ್ಷ ಯಾವ ತೊಂದರೆಯೂ ಇಲ್ಲದೆ ಬಿಡುಗಡೆಯಾಗಿತ್ತು. ಜನರ ನುಡಿಯಲ್ಲಿ ಆಡಿದ ನಾಟಕ ಅವರನ್ನು ಸೆರೆಮನೆಗೆ ಕಳಿಸಿತು. ಸೆರೆಯಲ್ಲಿ ಶೌಚದ ಕಾಗದದ ಮೇಲೆ ಅವರು ಗಿಕುಯುವಿನಲ್ಲಿ ಬರೆದ ಕಾದಂಬರಿ 1980ರಲ್ಲಿ ಅಚ್ಚಾಯಿತು. ಓದುಬಲ್ಲ ಒಬ್ಬ ಗಟ್ಟಿಯಾಗಿ ಓದುವುದು, ಮನೆಯವರು, ಬಸ್ಸಿನವರು, ಹೆಂಡದಂಗಡಿಯಲ್ಲಿ ಕುಳಿತವರು ಕೇಳುವುದು, ಹೀಗೆ ಅದು ಹರಡಿತು. ಕಮಿರಿಥುವಿನ ರಂಗಮಂದಿರವನ್ನು 1982ರಲ್ಲಿ ಕೆಡವಿಹಾಕಲಾಯಿತು. 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಗೂಗಿ ಈ ಹಾದಿಯನ್ನು ಬಿಡಲಿಲ್ಲ.

ಸೆನೆಗಲ್ಲಿನ ಉಸ್ಮಾನ್ ಸೆಂಬೆನ್ ಇದೇ ಬಿಕ್ಕಟ್ಟಿಗೆ ಬೇರೆ ದಾರಿ ಹುಡುಕಿದರು. ಫ್ರೆಂಚಿನಲ್ಲಿ ಕಾದಂಬರಿ ಬರೆದು ಹೆಸರಾಗಿದ್ದ ಅವರು, ತಮ್ಮ ಜನಕ್ಕೆ ಅವು ತಲುಪುತ್ತಿಲ್ಲವೆಂದು ಸಿನಿಮಾಕ್ಕೆ ಇಳಿದು 1968ರಲ್ಲಿ ವೊಲೊಫ್ ನುಡಿಯಲ್ಲಿ ‘ಮಂಡಬಿ’ ಚಿತ್ರ ಮಾಡಿದರು. ಅದೇ ನಾಡಿನ ಬೂಬಕರ್ ಬೊರಿಸ್ ಜೋಪ್ ಫ್ರೆಂಚಿನಲ್ಲಿ ಬಹುಕಾಲ ಬರೆದು 2003ರಲ್ಲಿ ವೊಲೊಫ್ ಕಾದಂಬರಿ ಪ್ರಕಟಿಸಿದರು.

ಕಿವಿಯ ಮೂಲಕ ನುಡಿ ಉಳಿಯುವುದನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಇಲ್ಲಿಗೆ ಬರುತ್ತಾರೆ, ತಾಳಮದ್ದಲೆಗಳು ನಡೆಯುತ್ತವೆ, ತುಳು ನಾಟಕಗಳಿಗೆ ಸಭಾಗೃಹ ತುಂಬುತ್ತದೆ. ಕನ್ನಡ ಅಕ್ಷರ ಬಾರದ ಹುಡುಗಿಯರು ನೆರೂಳು, ಥಾಣೆ, ಡೊಂಬಿವಲಿಗಳಲ್ಲಿ ಗೆಜ್ಜೆ ಕಟ್ಟಿ ಯಕ್ಷಗಾನ ಕುಣಿಯುತ್ತಾರೆ, ಅರ್ಥ ಹೇಳುತ್ತಾರೆ. ಮಾತುಗಳನ್ನು ಅವರು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ಯಕ್ಷಗಾನದ ಕನ್ನಡ ಮನೆಯ ಯಾವ ಮಾತಿಗಿಂತಲೂ ಎತ್ತರದ ಕನ್ನಡ. ಅದನ್ನು ಸಲೀಸಾಗಿ ಆಡುವ ನಾಲಿಗೆಗೆ ಅಕ್ಷರ ಕಲಿಸುವುದು ಕಷ್ಟವಲ್ಲ. ಆ ಕೊನೆಯ ಹೆಜ್ಜೆಯನ್ನು ನಾವು ಇಡುತ್ತಿಲ್ಲ, ಅಷ್ಟೆ.

ಸ್ವಾಹಿಲಿಯ ಪಾಠ

ಆಫ್ರಿಕಾದ ಚರ್ಚೆಯನ್ನು ತಾಯ್ನುಡಿ ಮತ್ತು ಯುರೋಪಿನ ನುಡಿಗಳ ಹೋರಾಟ ಎಂದಷ್ಟೇ ಓದಿದರೆ ನಮಗೆ ಬೇಕಾದ ಪಾಠ ತಪ್ಪಿಹೋಗುತ್ತದೆ. ಸ್ವಾಹಿಲಿಯನ್ನು ಆಡುವ ಕೋಟ್ಯಂತರ ಜನರಲ್ಲಿ ಹೆಚ್ಚಿನವರಿಗೆ ಅದು ಎರಡನೆಯ ನುಡಿ. ತಾಂಜಾನಿಯದ ಜೂಲಿಯಸ್ ನ್ಯೆರೆರೆ ಅವರ ಮನೆಮಾತು ಜನಾಕಿ ಎಂಬ ಪುಟ್ಟ ನುಡಿ. ರಾಷ್ಟ್ರವನ್ನು ಅವರು ಕಟ್ಟಿದ್ದು ಸ್ವಾಹಿಲಿಯಲ್ಲಿ. ದೇಶದ ಮುಖ್ಯಸ್ಥನ ಹೊಣೆಯ ನಡುವೆಯೂ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಸ್ವಾಹಿಲಿಗೆ ತಂದು 1963ರಲ್ಲಿ ಪ್ರಕಟಿಸಿದರು. 1967ರ ಬಳಿಕ ಪ್ರಾಥಮಿಕ ಶಾಲೆಗಳ ಮಾಧ್ಯಮ ಸ್ವಾಹಿಲಿಯಾಯಿತು. ನೂರಕ್ಕೂ ಹೆಚ್ಚು ನುಡಿಗಳ ನಾಡಿನಲ್ಲಿ ಯಾವೊಂದು ಬುಡಕಟ್ಟಿಗೂ ಸೇರದ ಈ ನುಡಿ ಎಲ್ಲರದಾಯಿತು, ಏಕೆಂದರೆ ಪ್ರತಿ ಮಗುವೂ ಅದನ್ನು ಶಾಲೆಯಲ್ಲಿ ಕಲಿಯಿತು. ಪ್ರೌಢಶಾಲೆಗೆ ಕಾಲಿಟ್ಟೊಡನೆ ಮಾಧ್ಯಮ ಇಂಗ್ಲಿಷಿಗೆ ಹೊರಳುವುದು ಇಂದಿಗೂ ಅಲ್ಲಿನ ದೊಡ್ಡ ಕೊರತೆ. ಸ್ವಾಹಿಲಿಯ ನೆರಳಿನಲ್ಲಿ ಸಣ್ಣ ನುಡಿಗಳು ಸೊರಗಿದ್ದೂ ನಿಜ.

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಇದೇ ಬಗೆಯ ಸಂಗತಿಯಿದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಮುಂಬಯಿಯ ಕನ್ನಡ ಸಾಹಿತ್ಯದ ಎತ್ತರಗಳಾದ ಯಶವಂತ ಚಿತ್ತಾಲ ಮತ್ತು ಜಯಂತ ಕಾಯ್ಕಿಣಿ ಕೊಂಕಣಿ ಮನೆಗಳಿಂದ ಬಂದವರು. ಮುಂಬಯಿ, ಥಾಣೆ, ನವಿ ಮುಂಬಯಿಗಳಲ್ಲಿ ನಮ್ಮನ್ನು ‘ತುಳು ಕನ್ನಡಿಗರು’ ಎಂದು ಜೋಡಿಸಿ ಕರೆಯುವುದು ರೂಢಿ. ತುಳು, ಕೊಂಕಣಿ, ಬ್ಯಾರಿ, ಹವ್ಯಕ ಮಾತುಗಳ ಮನೆಗಳಿಗೆಲ್ಲ ಕನ್ನಡ ಕೂಡುವ ಅಂಗಳ. ಊರಿನಲ್ಲಿ ಆ ಅಂಗಳಕ್ಕೆ ಶಾಲೆಯೇ ಬಾಗಿಲು. ಮುಂಬಯಿಯಲ್ಲಿ ಕನ್ನಡ ಶಾಲೆ ಮುಚ್ಚಿದಾಗ ತುಳು ಮಗುವಿಗೆ ತುಳು ಉಳಿಯಬಹುದು, ಕನ್ನಡಕ್ಕೆ ಹೋಗುವ ದಾರಿಯೇ ಇರುವುದಿಲ್ಲ.

ಹೊರನಾಡ ಕನ್ನಡದ ಬಿಕ್ಕಟ್ಟನ್ನು ‘ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಿಲ್ಲ’ ಎಂದು ತಾಯಂದಿರ ಮೇಲೆ ಹೊರಿಸುವುದು ಆದ್ದರಿಂದಲೇ ಅನ್ಯಾಯ. ಈ ಮನೆಗಳಲ್ಲಿ ಬಹುಪಾಲು ಎಂದೂ ಕನ್ನಡ ಮಾತಾಡಿದವಲ್ಲ. ಕನ್ನಡವನ್ನು ಸಮಾಜ ಕಲಿಸುತ್ತಿತ್ತು. ಆ ಹೊಣೆಯನ್ನು ಕೈಬಿಟ್ಟದ್ದೂ ಸಮಾಜವೇ.

ಮುಂಬಯಿ ಕನ್ನಡ ಬೆಳೆದ ಬಗೆ

ಆ ಹೊಣೆಯನ್ನು ಹಿರಿಯರು ಎಷ್ಟು ಶ್ರದ್ಧೆಯಿಂದ ಹೊತ್ತಿದ್ದರು ಎಂಬುದನ್ನು ನೆನೆಯಬೇಕು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಜಾತಿ ಸಂಘಗಳು ತಮ್ಮವರ ಹುಡುಗರಿಗಾಗಿ ತೆರೆದ ರಾತ್ರಿಶಾಲೆಗಳಲ್ಲಿ ಎಲ್ಲ ಜಾತಿಯವರೂ ಕಲಿತರು. ಹಗಲಿಡೀ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಕನ್ನಡದಲ್ಲಿ ಗಣಿತ, ಚರಿತ್ರೆ ಓದಿದ ಆ ಹುಡುಗರು ಮುಂದೆ ಹೊಟೇಲು ಮಾಲಕರಾದರು, ವಕೀಲರಾದರು, ಪತ್ರಿಕೆ ನಡೆಸಿದರು, ಸಾಹಿತ್ಯದ ಓದುಗರಾದರು. ವಡಾಲಾದ ಎನ್.ಕೆ.ಇ.ಎಸ್. ಶಾಲೆ, ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಗಳು ಈ ಪರಂಪರೆಯಲ್ಲಿ ಬೆಳೆದವು. ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿತು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ನೆಲೆಗೊಂಡು ಶ್ರೀನಿವಾಸ ಹಾವನೂರರಂಥ ವಿದ್ವಾಂಸರನ್ನು ಪಡೆಯಿತು. ‘ಕರ್ನಾಟಕ ಮಲ್ಲ’, ಮುಂಬಯಿ ಆವೃತ್ತಿಯ ‘ಉದಯವಾಣಿ’ ಪತ್ರಿಕೆಗಳು ಮನೆಮನೆಗೆ ಬಂದವು.

ಈ ನೆಲದಲ್ಲೇ ದೊಡ್ಡ ಸಾಹಿತ್ಯ ಹುಟ್ಟಿತು. ಹನೇಹಳ್ಳಿಯಿಂದ ಬಂದ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತ 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟರು. ಕಂಪನಿ ಅಧಿಕಾರದ ಒಳಸಂಚು, ನಗರದಲ್ಲಿ ಬೇಟೆಗೆ ಸಿಕ್ಕ ಮನುಷ್ಯನ ಭಯ, ಇವು ಕನ್ನಡ ಕಾದಂಬರಿಗೆ ಹೊಸ ಲೋಕ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ‘ನೋ ಪ್ರೆಸೆಂಟ್ಸ್ ಪ್ಲೀಸ್’ 2018ರ ದಕ್ಷಿಣ ಏಶಿಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ ಗೆದ್ದಿತು. ಮರಾಠಿ, ಹಿಂದಿ, ಇಂಗ್ಲಿಷ್ ಕಿವಿಗೆ ಬೀಳುತ್ತಲೇ ಇದ್ದುದರಿಂದ ಈ ಲೇಖಕರ ಕನ್ನಡ ಬಡವಾಗಲಿಲ್ಲ, ಅದಕ್ಕೆ ಹೊಸ ಕಸುವು ಬಂತು. ಕೊಡುಕೊಳ್ಳುವಿಕೆ ಈ ಭಾಗಕ್ಕೆ ಹೊಸದೂ ಅಲ್ಲ. ಉತ್ತರ ಕನ್ನಡದ ಯಕ್ಷಗಾನದವರ ಆಟವನ್ನು ಸಾಂಗ್ಲಿಯಲ್ಲಿ ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ.

ಆದ್ದರಿಂದ ಹೊರಗಿನ ಪ್ರಭಾವವನ್ನೇ ಶತ್ರು ಎನ್ನಲಾಗದು. ಚಿತ್ತಾಲರ ಕಾಲದ ಮುಂಬಯಿಯಲ್ಲೂ ಇಂಗ್ಲಿಷ್ ಇತ್ತು, ಮರಾಠಿ ಇತ್ತು. ಆಗ ಕನ್ನಡ ಶಾಲೆಗಳು ತುಂಬಿದ್ದವು, ಈಗ ಅವು ಬರಿದಾಗುತ್ತಿವೆ. ಆ ಕಾಲಕ್ಕೂ ಈ ಕಾಲಕ್ಕೂ ಇರುವ ದೊಡ್ಡ ಅಂತರ ಇದೇ.

ನುಡಿ ಕಳೆದುಕೊಂಡವರು

ನುಡಿ ಪೂರ್ತಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಹುಡುಕಲು ಆಫ್ರಿಕಾಕ್ಕೆ ಹೋಗಬೇಕಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳಲ್ಲಿ ಬಾಳುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು, ಬಹುಪಾಲು ಗುಲಾಮರಾಗಿ. ಅವರ ಮೂಲ ನುಡಿಗಳು ಅಳಿದಿವೆ. ಇಂದು ಅವರು ಆಡುವುದು ಕೊಂಕಣಿ, ಕನ್ನಡ, ಮರಾಠಿ. ಡಮಾಮಿಯ ಬಡಿತ, ಕುಣಿತ, ಹಿರಿಯರ ಪೂಜೆ ಉಳಿದಿವೆ. ಒಂದು ಸಮುದಾಯವೆಂಬ ಅರಿವು ಗಟ್ಟಿಯಾಗಿದೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಇನ್ನೊಂದು ಕತೆ ನಾಸಿಕದ್ದು. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕಾದ ಮಕ್ಕಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಶರಣಪುರದ ಮಿಶನ್ ನೆಲೆಯಲ್ಲಿ ಓದಿಸುತ್ತಿದ್ದರು. ಅವರಲ್ಲೊಬ್ಬನಾದ ಜೇಕಬ್ ವೇನ್‌ರೈಟ್ ಅನ್ವೇಷಕ ಲಿವಿಂಗ್‌ಸ್ಟನ್ನನ ಶವದೊಡನೆ 1874ರಲ್ಲಿ ಲಂಡನ್ನಿನವರೆಗೂ ಹೋದ. ಮರುವರ್ಷ ಮೊಂಬಾಸಾದ ಬಳಿ ಫ್ರಿಯರ್ ಟೌನ್ ನೆಲೆ ಎದ್ದಾಗ ಇಲ್ಲಿಂದ ಹಲವರು ಅಲ್ಲಿಗೆ ಮರಳಿದರು. ಆ ನಾಡಿನಲ್ಲಿ ಅವರು ‘ಬಾಂಬೆ ಆಫ್ರಿಕನ್ನರು’ ಎನಿಸಿಕೊಂಡರು. ಹುಟ್ಟಿದ ಖಂಡಕ್ಕೆ ಮರಳಿದ ಮೇಲೂ ಅವರ ಗುರುತು ಅವರು ಬೆಳೆದ ಊರಿನದಾಯಿತು. ನುಡಿ ಹೋದರೆ ಮನುಷ್ಯನ ಗುರುತು ಸಾಯುವುದಿಲ್ಲ ಎಂದು ಈ ಎರಡೂ ಕತೆಗಳು ತಿಳಿಸುತ್ತವೆ. ಹಾಡಿನ ಅರ್ಥ, ಕತೆಯ ಎಳೆ, ಪೂರ್ವಿಕರ ಹೆಸರು ಮಾತ್ರ ಮತ್ತೆ ಕೈಗೆ ಸಿಗುವುದಿಲ್ಲ.

ನೆರೂಳಿನ ನೆಲದ ನುಡಿ

ನೆರೂಳಿನಲ್ಲಿ ನೆಲೆಸಿದ ನಾವು ಇನ್ನೊಂದು ಸತ್ಯವನ್ನೂ ಒಪ್ಪಬೇಕು. ಈ ನೆಲಕ್ಕೆ ತನ್ನದೇ ನುಡಿಯಿದೆ. ನೆರೂಳ, ಸಾರಸೋಳೆ, ಕರಾವೆ, ದಾರಾವೆ, ಶಿರವಣೆ ಗ್ರಾಮಗಳ ಆಗ್ರಿ, ಕೋಳಿ ಜನ ಉಪ್ಪು, ಭತ್ತ, ಮೀನುಗಳನ್ನು ನಂಬಿ ಬದುಕಿದವರು. 1970ರಲ್ಲಿ ಸರಕಾರದ ನಗರಾಭಿವೃದ್ಧಿ ಸಂಸ್ಥೆಯಾದ ಸಿಡ್ಕೊ ಬಂದು ಹೊಸ ನಗರಕ್ಕಾಗಿ ಅವರ ಭೂಮಿ ಹೋಯಿತು. ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ನಡೆದ ಹೋರಾಟದಲ್ಲಿ, 1984ರ ಜನವರಿಯಲ್ಲಿ ಜಾಸಯಿ ಸುತ್ತಮುತ್ತ ಐವರು ಪ್ರಾಣ ಕೊಟ್ಟರು. ಅವರ ಆಗ್ರಿ ಮಾತು ಪುಸ್ತಕದ ಮರಾಠಿಗೆ ಒಳನುಡಿಯಾಗಿ, ನಗರದ ಹಿಂದಿಗೆ ಹಳ್ಳಿಮಾತಾಗಿ ಹಿಂದೆ ಸರಿಯಿತು. ಆ ನುಡಿಗೆ ನಾವೂ ಹೊರಗಿನ ಪ್ರಭಾವವೇ.

ಮರಾಠಿಗೂ ತನ್ನ ಆತಂಕವಿದೆ. 2020ರ ಕಾಯಿದೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿತು. 2025ರಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ತರುವ ಆದೇಶ ಹೊರಟಾಗ ಮರಾಠಿ ಸಮಾಜ ಎದ್ದು ನಿಂತಿತು. ಜೂನ್ ಕೊನೆಗೆ ಸರಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಮರಾಠಿ ಕಲಿಯುವುದು ಈ ನೆಲದ ಅನ್ನ ಉಣ್ಣುವ ನಮ್ಮ ಕರ್ತವ್ಯ. ಅದು ಕನ್ನಡಕ್ಕೆ ಅಡ್ಡಿಯೂ ಅಲ್ಲ; ದೇವನಾಗರಿ ಬಲ್ಲ ಮಗುವಿಗೆ ಕನ್ನಡ ವರ್ಣಮಾಲೆಯ ಕ್ರಮ ಆಗಲೇ ಗೊತ್ತಿರುತ್ತದೆ.

ನವಿ ಮುಂಬಯಿಯ ಕನ್ನಡಿಗರೆಂದರೆ ಕರಾವಳಿಯವರಷ್ಟೇ ಎಂದುಕೊಳ್ಳುವುದೂ ತಪ್ಪು. ಬೆಳಗಾಗುತ್ತಲೇ ನಾಕಾಗಳಲ್ಲಿ ಕೂಲಿಗಾಗಿ ಕಾಯುವವರಲ್ಲಿ ವಿಜಯಪುರ, ಕಲಬುರಗಿ ಕಡೆಯವರಿದ್ದಾರೆ. ಕನ್ನಡ ಅವರಲ್ಲಿ ಅನೇಕರ ಮನೆಯ ಮಾತೇ. ನಮ್ಮ ಸಂಘಗಳ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಸೋಲಾಪುರ, ಅಕ್ಕಲಕೋಟ, ಜತ್ತದ ಗಡಿಯವರ ಜತೆಗೆ ಈ ಕೂಲಿಕಾರರೂ ಆ ಲೆಕ್ಕದಲ್ಲಿದ್ದಾರೆ. ಕಮಿರಿಥುವಿನಲ್ಲಿ ರಂಗಮಂದಿರ ಕಟ್ಟಿದ್ದು ಇಂಥ ಜನವೇ.

ಮುಂದೆ ಮಾಡಬೇಕಾದದ್ದು

ಆಫ್ರಿಕಾದ ಅರವತ್ತು ವರ್ಷಗಳ ಚರ್ಚೆಯಲ್ಲಿ ಹೆಚ್ಚು ಮಾತು ವ್ಯಯವಾದದ್ದು ಬರಹಗಾರ ಯಾವ ನುಡಿಯಲ್ಲಿ ಬರೆಯಬೇಕು ಎಂಬುದಕ್ಕೆ. ಅಚಿಬೆಯೂ ಗೂಗಿಯೂ ದೊಡ್ಡ ಸಾಹಿತ್ಯವನ್ನೇ ಕೊಟ್ಟರು. ಅವರ ನುಡಿಗಳ ಅಳಿವು ಉಳಿವನ್ನು ನಿರ್ಧರಿಸುವ ಪ್ರಶ್ನೆ ಬೇರೆ: ಮಗು ಯಾವ ನುಡಿಯಲ್ಲಿ ಓದಲು ಕಲಿಯುತ್ತದೆ? 1976ರ ಜೂನ್ 16ರಂದು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಆಫ್ರಿಕಾನ್ಸ್ ಮಾಧ್ಯಮದ ಹೇರಿಕೆಯನ್ನು ವಿರೋಧಿಸಿ ಬೀದಿಗಿಳಿದವರು ಶಾಲೆಯ ಮಕ್ಕಳು. ಮುಂದೆ ಆ ದೇಶದ ಸಂವಿಧಾನ ಹನ್ನೊಂದು ನುಡಿಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು; ಆದರೂ ಮೇಲಿನ ತರಗತಿಗಳಲ್ಲಿ ಇಂಗ್ಲಿಷೇ ಆಳುತ್ತಿದೆ. ಸ್ಥಾನಮಾನ ಕಾಗದದ ಮೇಲೆ ಸಿಕ್ಕರೆ ಸಾಲದು, ತರಗತಿಯಲ್ಲಿ ಸಿಗಬೇಕು. ಕನ್ನಡಕ್ಕೆ 2008ರಲ್ಲಿ ದೊರೆತ ಶಾಸ್ತ್ರೀಯ ಭಾಷೆಯ ಮಾನ್ಯತೆಗೂ ಈ ಮಾತು ಸಲ್ಲುತ್ತದೆ.

ಇಂಗ್ಲಿಷ್ ಮಾಧ್ಯಮದಿಂದ ನಮ್ಮ ಮಕ್ಕಳು ಕನ್ನಡ ಮಾಧ್ಯಮಕ್ಕೆ ಮರಳುತ್ತಾರೆಂದು ನಂಬಿ ಕೂರುವುದು ವ್ಯರ್ಥ. ಕನ್ನಡವನ್ನು ಒಂದು ವಿಷಯವಾಗಿ, ವಾರಕ್ಕೊಂದು ತರಗತಿಯಾಗಿ ಕಲಿಸುವುದು ನಮ್ಮ ಕೈಯಲ್ಲೇ ಇದೆ. ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ನೆರೂಳಿನ ಶನೀಶ್ವರ ಮಂದಿರದಂಥ ನಮ್ಮವರ ದೇವಸ್ಥಾನಗಳಿಗೆ, ಸಂಘಗಳಿಗೆ ಸಭಾಗೃಹಗಳಿವೆ, ನಿವೃತ್ತ ಶಿಕ್ಷಕರಿದ್ದಾರೆ, ಭಾನುವಾರಗಳಿವೆ. ಶಾಲು, ಹಾರ, ಫಲಕಗಳ ಸನ್ಮಾನಕ್ಕೆ ಸಂಘಗಳು ಪ್ರತಿವರ್ಷ ಖರ್ಚು ಮಾಡುವ ಹಣದ ಒಂದು ಪಾಲು ಅಕ್ಷರದ ತರಗತಿಗೆ ಹೋಗಲಿ. ಯಕ್ಷಗಾನ ಕಲಿಸುವ ಗುರುಗಳು ಹೆಜ್ಜೆಯ ಜತೆಗೆ ಪ್ರಸಂಗವನ್ನು ಕನ್ನಡ ಲಿಪಿಯಲ್ಲೇ ಓದಿಸಲಿ. ತುಳು ಮನೆಯ ಮಗುವಿಗೆ ತುಳುವಿನ ಮೂಲಕವೇ ಕನ್ನಡ ಅಕ್ಷರ ಕಲಿಸಲಿ. 18 ಲಕ್ಷಕ್ಕೂ ಹೆಚ್ಚು ಜನರ ತಾಯ್ನುಡಿಯಾದ ತುಳುವಿಗೂ ಅದರಿಂದ ಓದುಗರು ಸಿಗುತ್ತಾರೆ. ನಾಕಾದ ಕೂಲಿಕಾರರ ಮಕ್ಕಳಿಗೂ ಆ ತರಗತಿಯ ಬಾಗಿಲು ತೆರೆದಿರಲಿ.

ಲೋಟ ತೊಳೆಯುವ ಹುಡುಗರಿಗಾಗಿ ರಾತ್ರಿಶಾಲೆ ತೆರೆದ ಹಿರಿಯರ ಬಳಿ ನಮ್ಮಲ್ಲಿರುವ ಹಣವಿರಲಿಲ್ಲ, ಸ್ಥಳವಿರಲಿಲ್ಲ, ಬಿಡುವೂ ಇರಲಿಲ್ಲ. ಕನ್ನಡ ಬಾರದ ಮಕ್ಕಳಿಗೆ ಕನ್ನಡ ಕಲಿಸಿ ಅವರು ಒಂದು ಸಾಹಿತ್ಯಕ್ಕೆ ಓದುಗರನ್ನು ಸಿದ್ಧಪಡಿಸಿದರು. ಚಿತ್ತಾಲ, ಬಲ್ಲಾಳರಂಥವರನ್ನು ಮುಂಬಯಿಯಲ್ಲೇ ಓದಿ ಉಳಿಸಿಕೊಂಡವರು ಆ ಓದುಗರು. ಮುಂದಿನ ಓದುಗರನ್ನು ಸಿದ್ಧಪಡಿಸುವ ಕೆಲಸ ಈಗ ನಮ್ಮದು, ಮುಂದಿನ ಭಾನುವಾರದಿಂದಲೇ ಅದನ್ನು ಶುರು ಮಾಡಬಹುದು.